ಚೆಂಡು ಗೆದ್ದ ಮೇಲೆ ಯಾವ ದಾರಿ? ನಿಮ್ಮ ಫುಟ್‌ಬಾಲ್ ತಂಡಕ್ಕೆ ಹೊಂದುವ ಕೌಂಟರ್ ಅಟ್ಯಾಕ್ ಆರಿಸುವುದು ಹೇಗೆ

ಕೌಂಟರ್ ಅಟ್ಯಾಕ್ ಅಂದರೆ ಎದುರಾಳಿಯಿಂದ ಚೆಂಡು ಗೆದ್ದ ಕೂಡಲೇ, ಅವರು ಸಜ್ಜಾಗುವ ಮೊದಲೇ ಮಾಡುವ ದಾಳಿ. ಇದರ ಹೆಸರು ಕೇಳಿದ ಕೂಡಲೇ ಹೆಚ್ಚಿನವರ ಕಣ್ಣಮುಂದೆ ಬರುವುದು ಒಂದೇ ಚಿತ್ರ. ಹಿಂದಿನಿಂದ ಉದ್ದಕ್ಕೆ ಒಂದು ಹೊಡೆತ, ಮುಂದೆ ಓಡುವ ಒಬ್ಬ ಹುಡುಗ, ಗೋಲ್. ಹಾಗಾಗಿ ತಂಡದಲ್ಲಿ ವೇಗದವನೊಬ್ಬ ಸಿಕ್ಕರೆ ಸಾಕು, "ನಾವು ಕೌಂಟರ್ ಆಡೋಣ" ಅಂತ ಕೋಚ್ ತೀರ್ಮಾನಿಸಿಬಿಡುತ್ತಾರೆ. ಆದರೆ ಕೌಂಟರ್‌ನಲ್ಲಿ ಏನಿಲ್ಲವೆಂದರೂ ನಾಲ್ಕು ಬಗೆ ಇವೆ. ಒಂದೊಂದಕ್ಕೂ ಬೇಕಾದ ಆಟಗಾರರು ಬೇರೆ, ಬೇಕಾದ ದಮ್ಮು ಬೇರೆ. ಕೈಕೊಟ್ಟಾಗ ಆಗುವ ನಷ್ಟವೂ ಬೇರೆ.

ನನ್ನ ಲೆಕ್ಕದಲ್ಲಿ ಆಯ್ಕೆಗೆ ಎರಡೇ ಪ್ರಶ್ನೆ. ನಿಮ್ಮ ತಂಡ ಚೆಂಡನ್ನು ಸಾಮಾನ್ಯವಾಗಿ ಮೈದಾನದ ಯಾವ ಭಾಗದಲ್ಲಿ ಗೆಲ್ಲುತ್ತದೆ? ಗೆದ್ದವನು ಮೊದಲ ಪಾಸ್ ಯಾರಿಗೆ ಕೊಡುತ್ತಾನೆ? ವೇಗದ ಮಾತು ಆಮೇಲೆ. ಈ ಎರಡಕ್ಕೆ ಉತ್ತರ ಇಲ್ಲದಿದ್ದರೆ ಎಂಥಾ ಓಟಗಾರ ಇದ್ದರೂ ಅವನು ತೊಂಬತ್ತು ನಿಮಿಷ ಸುಮ್ನೆ ಓಡಿ ಸುಸ್ತಾಗುತ್ತಾನೆ, ಅಷ್ಟೇ.

ಮೊದಲು ಒಂದು ಹಾಳೆ, ಒಂದು ಪೆನ್ನು

ನಿಮ್ಮ ತಂಡದ ಒಂದು ಮ್ಯಾಚನ್ನು ಬಾಯಿ ಮುಚ್ಚಿಕೊಂಡು ನೋಡಿ. ಕೋಚ್‌ಗಳಿಗೆ ಇದು ಕಷ್ಟ, ಆದರೂ ನೋಡಿ. ಹಾಳೆಯ ಮೇಲೆ ಮೈದಾನದ ಚಿತ್ರ ಬರೆದು ಅಡ್ಡಕ್ಕೆ ಮೂರು ಭಾಗ ಮಾಡಿ. ನಮ್ಮ ಗೋಲ್ ಕಡೆ ಒಂದು, ನಡುವೆ ಒಂದು, ಎದುರಾಳಿ ಗೋಲ್ ಕಡೆ ಒಂದು. ನಮ್ಮವರು ಚೆಂಡು ಕಿತ್ತುಕೊಂಡ ಕಡೆಯೆಲ್ಲ ಒಂದು ಚುಕ್ಕಿ ಇಡಿ. ಅದಾದ ಮೇಲಿನ ಮೊದಲ ಪಾಸ್ ನಮ್ಮವರಿಗೇ ಸೇರಿದರೆ ಆ ಚುಕ್ಕಿಯ ಸುತ್ತ ಒಂದು ಸೊನ್ನೆ ಸುತ್ತಿ.

ಹವ್ಯಾಸಿ ತಂಡಗಳಲ್ಲಿ ಚುಕ್ಕಿಗಳು ಬೇಕಾದಷ್ಟು ಇರುತ್ತವೆ. ಸೊನ್ನೆಗಳೇ ಇರುವುದಿಲ್ಲ.

ಯಾಕೆ ಅಂತ ಹತ್ತಿರದಿಂದ ನೋಡೋಣ. ರೈಟ್ ಬ್ಯಾಕ್ (ಬಲಬದಿಯ ಡಿಫೆಂಡರ್) ಹುಡುಗ ಚೆನ್ನಾಗಿ ಟ್ಯಾಕಲ್ ಮಾಡಿ ಚೆಂಡು ಕಿತ್ತುಕೊಳ್ಳುತ್ತಾನೆ. ಕಣ್ಣು ಇನ್ನೂ ಚೆಂಡಿನ ಮೇಲೇ ಇದೆ. ಒಂದು ಟಚ್, ಇನ್ನೊಂದು ಟಚ್, ಆಮೇಲೆ ತಲೆ ಎತ್ತುತ್ತಾನೆ. ಅಷ್ಟರಲ್ಲಿ ಚೆಂಡು ಕಳೆದುಕೊಂಡವನೇ ತಿರುಗಿ ಮೈಮೇಲೆ ಬಂದಿರುತ್ತಾನೆ. ಗೆರೆಯ ಆಚೆಯಿಂದ "ಹೊಡಿಯೋ, ಹೊಡಿಯೋ!" ಅಂತ ಕೂಗು. ಹುಡುಗ ಹೊಡೆಯುತ್ತಾನೆ. ಚೆಂಡು ಗೆರೆ ದಾಟಿ ಎದುರಾಳಿಗೆ ಥ್ರೋ-ಇನ್ ಆಗುತ್ತದೆ. ಮುಂದೆ ಓಡಲು ಶುರು ಮಾಡಿದ್ದ ಸ್ಟ್ರೈಕರ್ ಸೊಂಟದ ಮೇಲೆ ಕೈಯಿಟ್ಟು ವಾಪಸ್ ನಡೆದು ಬರುತ್ತಾನೆ.

ಇಲ್ಲಿ ಕಾಲಿನ ವೇಗ ಕಡಿಮೆಯಾಗಿದ್ದು ಎಲ್ಲೂ ಇಲ್ಲ. ಟ್ಯಾಕಲ್‌ಗೆ ಇಳಿಯುವ ಮೊದಲೇ ಒಮ್ಮೆ ಭುಜದ ಮೇಲಿಂದ ನೋಡಿ, ಹತ್ತಿರದ ಮಿಡ್‌ಫೀಲ್ಡರ್ ಎಲ್ಲಿದ್ದಾನೆ ಅಂತ ತಿಳಿದುಕೊಂಡಿದ್ದರೆ ಆ ಎರಡನೇ ಟಚ್ ಬೇಕೇ ಆಗುತ್ತಿರಲಿಲ್ಲ. ಕೆಳಗೆ ಹೇಳುವ ಯಾವ ಬಗೆಯನ್ನು ಆರಿಸಿದರೂ ಈ ಒಂದು ಅಭ್ಯಾಸ ಎಲ್ಲದಕ್ಕೂ ಬೇಕು.

ಹಿಂದೆ ಕೂತು ಉದ್ದಕ್ಕೆ ಬಿಡುವುದು

ಇದಕ್ಕೆ ಲೆಸ್ಟರ್ ಸಿಟಿಗಿಂತ ಒಳ್ಳೆ ಉದಾಹರಣೆ ಸಿಗುವುದಿಲ್ಲ. 2015-16ರಲ್ಲಿ ಕ್ಲಾಡಿಯೋ ರಾನಿಯೇರಿ ಕೋಚ್ ಆಗಿದ್ದಾಗ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದ ತಂಡ. 38 ಪಂದ್ಯದಲ್ಲಿ ಸೋತಿದ್ದು ಮೂರೇ. 81 ಅಂಕ, ಎರಡನೇ ಸ್ಥಾನದ ಆರ್ಸೆನಲ್‌ಗಿಂತ ಹತ್ತು ಜಾಸ್ತಿ. ಸೀಸನ್ ಶುರುವಾಗುವ ಮೊದಲು ಅವರ ಮೇಲೆ ಬಾಜಿ ಕಟ್ಟಿದವರಿಗೆ ಒಂದಕ್ಕೆ ಐದು ಸಾವಿರ ಕೊಡುತ್ತೇವೆ ಅಂದಿದ್ದರು ಬುಕ್ಕಿಗಳು.

ಅವರ ಆಟ ನೋಡಲು ತೀರಾ ಸರಳ. 4-4-2ರಲ್ಲಿ (ನಾಲ್ವರು ಡಿಫೆಂಡರ್, ನಾಲ್ವರು ಮಿಡ್‌ಫೀಲ್ಡರ್, ಇಬ್ಬರು ಸ್ಟ್ರೈಕರ್) ಎರಡು ಬಿಗಿ ಸಾಲು. ಚೆಂಡು ಎದುರಾಳಿ ಬಳಿಯೇ ಇರಲಿ, ಪರವಾಗಿಲ್ಲ. ಸೆಂಟರ್ ಬ್ಯಾಕ್‌ಗಳು, ಅಂದರೆ ನಡುವಿನ ಡಿಫೆಂಡರ್‌ಗಳಾದ ವೆಸ್ ಮಾರ್ಗನ್, ರಾಬರ್ಟ್ ಹೂತ್ ಇಬ್ಬರೂ ಗಟ್ಟಿ ಆಳುಗಳು, ಆದರೆ ವೇಗದವರಲ್ಲ. ಅದಕ್ಕೇ ಬೆನ್ನ ಹಿಂದೆ ಜಾಗ ಬಿಡದೆ ಕೆಳಗೆ ನಿಲ್ಲುತ್ತಿದ್ದರು. ಮುಂದಿನ ಸಾಲಿನಲ್ಲಿ ಎನ್‌ಗೊಲೊ ಕಾಂಟೆ ಎಲ್ಲಿ ನೋಡಿದರೂ ಹಾಜರ್. ಅವನು ಕಿತ್ತುಕೊಂಡ ಚೆಂಡು ಡ್ರಿಂಕ್‌ವಾಟರ್‌ಗೆ ಅಥವಾ ಮಹ್ರೆಜ್‌ಗೆ. ಅಲ್ಲಿಂದ ಒಂದೇ ಪಾಸ್, ಡಿಫೆಂಡರ್‌ಗಳ ಬೆನ್ನಿನ ಹಿಂದೆ. ಅಲ್ಲಿ ಜೇಮಿ ವಾರ್ಡಿ ಆಗಲೇ ಓಡುತ್ತಿರುತ್ತಾನೆ. ಆ ವರ್ಷ ಲೀಗ್‌ನಲ್ಲಿ ವಾರ್ಡಿಗೆ 24 ಗೋಲ್, ಮಹ್ರೆಜ್‌ಗೆ 17.

2016ರ ಫೆಬ್ರವರಿ 2ರಂದು ಲಿವರ್‌ಪೂಲ್ ಮೇಲೆ ವಾರ್ಡಿ ಹೊಡೆದ ಮೊದಲ ಗೋಲ್ ಸಿಕ್ಕರೆ ಹುಡುಗರಿಗೆ ತೋರಿಸಿ. ಮಹ್ರೆಜ್ ತನ್ನ ಅರ್ಧದಿಂದ ಉದ್ದಕ್ಕೆ ಕೊಡುತ್ತಾನೆ. ವಾರ್ಡಿ ಚೆಂಡು ಪುಟಿದಿದ್ದೇ ತಡ, ಅದು ಗಾಳಿಯಲ್ಲಿರುವಾಗಲೇ ದೂರದಿಂದ ಹೊಡೆತ (ವಾಲಿ). ಎಲ್ಲರೂ ಆ ಹೊಡೆತ ನೋಡುತ್ತಾರೆ. ನೀವು ಹುಡುಗರಿಗೆ ಪಾಸ್‌ಗೂ ಮೊದಲಿನ ವಾರ್ಡಿಯ ಓಟ ತೋರಿಸಿ.

ಈ ಬಗೆ ಯಾರಿಗೆ ಸರಿ? ನಿಮ್ಮ ಚುಕ್ಕಿಗಳು ಹೆಚ್ಚಾಗಿ ನಮ್ಮ ಗೋಲ್ ಕಡೆಯ ಭಾಗದಲ್ಲೇ ಬಿದ್ದಿದ್ದರೆ, ಎದುರಾಳಿ ನಿಮಗಿಂತ ಬಲಶಾಲಿಯಾಗಿದ್ದರೆ, ಸೆಂಟರ್ ಬ್ಯಾಕ್‌ಗಳು ನಿಧಾನವಾಗಿದ್ದರೆ ಇದು ಸರಿ. ವಾರಕ್ಕೆ ಎರಡೇ ದಿನ ಪ್ರಾಕ್ಟೀಸ್ ಸಿಗುವ ತಂಡಗಳಿಗೂ ಇದೇ ಸುಲಭ. ಎಲ್ಲರೂ ಎಲ್ಲಿ ನಿಲ್ಲಬೇಕು ಅನ್ನುವುದು ಬೇಗ ತಲೆಗೆ ಹತ್ತುತ್ತದೆ.

ತೊಂದರೆ ಎರಡಿದೆ. ಒಂದು, ಉದ್ದದ ಪಾಸ್ ಸರಿಯಾಗಿ ಕೊಡಬಲ್ಲವನು ಒಬ್ಬನಾದರೂ ಬೇಕು. ಅವನಿಲ್ಲದೆ ಇದು ಬರೀ ಕ್ಲಿಯರೆನ್ಸ್, ಅಂದರೆ ಗುರಿಯಿಲ್ಲದೆ ದೂರ ಒದೆಯುವುದು ಆಗುತ್ತದೆ. ಐದು ನಿಮಿಷಕ್ಕೊಮ್ಮೆ ಚೆಂಡು ವಾಪಸ್ ಬಂದು ನಿಮ್ಮ ಪೆನಾಲ್ಟಿ ಬಾಕ್ಸ್‌ನಲ್ಲಿ ಬಿದ್ದಿರುತ್ತದೆ. ಇನ್ನೊಂದು, ಎದುರಾಳಿಯೂ ಹಿಂದೆಯೇ ಕೂತುಬಿಟ್ಟರೆ ಬೆನ್ನ ಹಿಂದೆ ಜಾಗವೇ ಇರುವುದಿಲ್ಲ. ಆಗ ಬೇರೆ ಉಪಾಯ ಬೇಕು. ಲೆಸ್ಟರ್ ಕೂಡ ಆ ಮಾರ್ಚ್-ಏಪ್ರಿಲ್‌ನಲ್ಲಿ ಸತತ ನಾಲ್ಕು ಪಂದ್ಯ 1-0ರಿಂದ ಗೆದ್ದಿತ್ತು. ಗೋಲ್ ಸುಲಭವಾಗಿ ಬರದ ದಿನಗಳಲ್ಲಿ ಅವರನ್ನು ಕಾಪಾಡಿದ್ದು ಡಿಫೆನ್ಸ್. ಕೌಂಟರ್ ತಂಡ ಮಾಡಲು ಹೊರಟವರು ಈ ಭಾಗ ಮರೆತುಬಿಡುತ್ತಾರೆ.

ಒಂದು ನಿಯಮವನ್ನೂ ಇಲ್ಲಿ ಬಳಸಿಕೊಳ್ಳಬೇಕು. ಪಾಸ್ ಹೊರಡುವ ಹೊತ್ತಿಗೆ ತನ್ನ ಅರ್ಧದಲ್ಲೇ ಇರುವವನಿಗೆ ಆಫ್‌ಸೈಡ್ (ಪಾಸ್ ಹೊರಡುವಾಗ ಎದುರಾಳಿ ಡಿಫೆಂಡರ್‌ಗಳನ್ನು ದಾಟಿ ಮುಂದೆ ನಿಂತಿರುವ ತಪ್ಪು) ಇಲ್ಲ. ಎದುರಾಳಿ ಡಿಫೆಂಡರ್‌ಗಳು ಮಧ್ಯದ ಗೆರೆವರೆಗೆ ಬಂದು ನಿಂತಿದ್ದರೆ, ನಿಮ್ಮ ಸ್ಟ್ರೈಕರ್ ಗೆರೆಯಿಂದ ಒಂದು ಹೆಜ್ಜೆ ಒಳಗೆ ನಿಂತು ಅಲ್ಲಿಂದ ಹೊರಡಲಿ. ಥ್ರೋ-ಇನ್‌ನಲ್ಲೂ, ಗೋಲ್ ಕಿಕ್‌ನಲ್ಲೂ ನೇರವಾಗಿ ಚೆಂಡು ಪಡೆದರೆ ಆಫ್‌ಸೈಡ್ ಇಲ್ಲ. ಇದು ಗೊತ್ತಿದ್ದೂ ಬಳಸದ ಸ್ಟ್ರೈಕರ್‌ಗಳು ಎಷ್ಟು ಜನ!

ಕಳೆದುಕೊಂಡ ಜಾಗದಲ್ಲೇ ವಾಪಸ್ ಕಿತ್ತುಕೊಳ್ಳುವುದು

ಇದು ಮೇಲಿನದಕ್ಕೆ ಪೂರಾ ಉಲ್ಟಾ. ನಮ್ಮ ಚೆಂಡು ಎದುರಾಳಿಗೆ ಹೋದ ಕ್ಷಣವೇ ಹತ್ತಿರದ ಮೂರು-ನಾಲ್ಕು ಜನ ಅವನ ಮೇಲೆ ಮುಗಿಬೀಳುತ್ತಾರೆ. ಜರ್ಮನಿಯಲ್ಲಿ ಇದಕ್ಕೆ ಗೆಗೆನ್‌ಪ್ರೆಸಿಂಗ್ ಅಂತ ಹೆಸರು. ಯೂರ್ಗನ್ ಕ್ಲಾಪ್ ಇದನ್ನು ಡಾರ್ಟ್‌ಮಂಡ್‌ನಲ್ಲಿ ಆಡಿಸಿ 2011 ಮತ್ತು 2012ರಲ್ಲಿ ಜರ್ಮನಿಯ ಲೀಗ್ ಬುಂಡೆಸ್‌ಲಿಗಾ ಗೆದ್ದರು. ಆಮೇಲೆ ಲಿವರ್‌ಪೂಲ್‌ಗೆ ತಂದರು. ಇದೇ ಪಂಥದ ರಾಲ್ಫ್ ರಾಂಗ್ನಿಕ್ ಅವರ ಲೆಕ್ಕವಂತೂ ಗಡಿಯಾರದ್ದು. ಎಂಟು ಸೆಕೆಂಡಿನೊಳಗೆ ಚೆಂಡು ವಾಪಸ್ ಪಡೆಯಬೇಕು, ಪಡೆದ ಹತ್ತು ಸೆಕೆಂಡಿನೊಳಗೆ ಶಾಟ್ ಹೊಡೆಯಬೇಕು.

ಇದರ ತರ್ಕ ಚೆನ್ನಾಗಿದೆ. ಚೆಂಡು ಗೆದ್ದ ತಂಡ ಆಗಷ್ಟೇ ಹರಡಿಕೊಳ್ಳಲು ಶುರು ಮಾಡಿರುತ್ತದೆ. ಫುಲ್ ಬ್ಯಾಕ್‌ಗಳು (ಎರಡು ಬದಿಯ ಡಿಫೆಂಡರ್‌ಗಳು) ಮೇಲೆ ಹೊರಟಿರುತ್ತಾರೆ. ಆ ಗಳಿಗೆಯಲ್ಲಿ ಚೆಂಡು ಮತ್ತೆ ಕೈತಪ್ಪಿದರೆ ಡಿಫೆನ್ಸ್ ಚೆಲ್ಲಾಪಿಲ್ಲಿ. ನೀವು ಕ್ರಮಿಸಬೇಕಾದ ದೂರವೂ ಕಡಿಮೆ. ಉದ್ದದ ಓಟ ಇಲ್ಲ, ಉದ್ದದ ಪಾಸೂ ಬೇಡ. ಎರಡು ಸಣ್ಣ ಪಾಸ್, ಶಾಟ್.

2018ರ ಜನವರಿ 14ರಂದು ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ ಮ್ಯಾಂಚೆಸ್ಟರ್ ಸಿಟಿಯನ್ನು 4-3ರಿಂದ ಸೋಲಿಸಿತು. ಆ ಸೀಸನ್‌ನ ಲೀಗ್‌ನಲ್ಲಿ ಅಲ್ಲಿವರೆಗೆ ಸಿಟಿ ಒಂದೂ ಪಂದ್ಯ ಸೋತಿರಲಿಲ್ಲ. ಎರಡನೇ ಅರ್ಧದಲ್ಲಿ ಹತ್ತು ನಿಮಿಷದೊಳಗೆ ಫರ್ಮಿನೊ, ಮಾನೆ, ಸಲಾ ಒಬ್ಬರ ಹಿಂದೆ ಒಬ್ಬರು ಗೋಲ್ ಹೊಡೆದರು. ಸಲಾನ ಗೋಲ್ ನೋಡಿ. ಗೋಲ್ ಕೀಪರ್ ಎಡರ್ಸನ್ ತನ್ನ ಬಾಕ್ಸ್ ಬಿಟ್ಟು ಬಂದು ಚೆಂಡು ಹೊಡೆಯುತ್ತಾನೆ. ಅದು ನೇರ ಸಲಾನ ಕಾಲಿಗೆ. ಅಲ್ಲಿಂದಲೇ ಎತ್ತಿ ಖಾಲಿ ಗೋಲ್‌ಗೆ ಹಾಕುತ್ತಾನೆ.

ಆದರೆ ಇದನ್ನು ನೋಡಿ ಮರುಳಾಗಬೇಡಿ. ಕಾಲೇಜು ಮತ್ತು ಕ್ಲಬ್ ಮಟ್ಟದಲ್ಲಿ ಅತಿ ಹೆಚ್ಚು ಕೆಟ್ಟದಾಗಿ ನಕಲಾಗುವ ಆಟ ಇದೇ. ಮೂವರು ಮುಗಿಬಿದ್ದು ನಾಲ್ಕನೆಯವನು ನಡೆದುಕೊಂಡು ಬಂದರೆ ಮುಗಿಯಿತು. ಎದುರಾಳಿ ಒಂದು ಪಾಸ್‌ನಲ್ಲಿ ಆ ಮೂವರನ್ನೂ ದಾಟಿಬಿಡುತ್ತಾನೆ. ಆಗ ನಿಮ್ಮ ಡಿಫೆನ್ಸ್ ಎದುರು ನಲವತ್ತು ಮೀಟರ್ ಬಯಲು. ದಮ್ಮಿನ ಲೆಕ್ಕವೂ ಇದೆ. ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಮೂರಕ್ಕೆ ಮ್ಯಾಚ್ ಇಟ್ಟರೆ, ಕಲಬುರಗಿ, ರಾಯಚೂರು ಕಡೆ ಅಂತೂ ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಯಾರೂ ಹೀಗೆ ಆಡಲಾರರು. ಬೆಂಚಿನಲ್ಲಿ ಆಳುಗಳಿದ್ದು, ಬೇಕಾದಷ್ಟು ಸಲ ಬದಲಿಸಲು ಟೂರ್ನಮೆಂಟ್ ನಿಯಮ ಬಿಟ್ಟರೆ ಯೋಚಿಸಬಹುದು.

ಒಂದು ಮಧ್ಯದ ದಾರಿ ಇದೆ. ಇಡೀ ಪಂದ್ಯ ಬೇಡ, ಗುರುತುಗಳನ್ನು ಇಟ್ಟುಕೊಳ್ಳಿ. ಎದುರಾಳಿ ಡಿಫೆಂಡರ್ ತನ್ನದೇ ಗೋಲ್ ಕಡೆ ಮುಖ ಮಾಡಿ ಚೆಂಡು ಪಡೆದಾಗ, ಅವನ ಫಸ್ಟ್ ಟಚ್ ದೂರ ಹೋದಾಗ, ಅವನು ಗೆರೆಯ ಪಕ್ಕ ಸಿಕ್ಕಿಹಾಕಿಕೊಂಡಾಗ ಮಾತ್ರ ಎಲ್ಲರೂ ಒಟ್ಟಿಗೆ ನುಗ್ಗುವುದು. ಉಳಿದ ಹೊತ್ತು ಹಿಂದೆ ಬಂದು ಸಾಲು ಕಟ್ಟುವುದು.

ನಡುವೆ ಬಲೆ ಹಾಸುವುದು

ನನಗೆ ಕೇಳಿದರೆ, ಹೆಚ್ಚಿನ ತಂಡಗಳಿಗೆ ಹೊಂದುವುದು ಇದೇ. ಎದುರಾಳಿ ಡಿಫೆಂಡರ್‌ಗಳು ತಮ್ಮತಮ್ಮಲ್ಲೇ ಪಾಸ್ ಆಡಿಕೊಳ್ಳಲಿ ಬಿಡಿ. ನಿಮ್ಮ ಸ್ಟ್ರೈಕರ್ ಮಧ್ಯದ ವೃತ್ತದ ಮುಂಚೂಣಿಯಲ್ಲಿ ನಿಲ್ಲಲಿ. ಒಳಗಿನ ದಾರಿ ಮುಚ್ಚಿ, ಒಂದು ಬದಿಯ ದಾರಿ ತೆರೆದಿಡಿ. ಚೆಂಡು ಆ ಬದಿಯ ಫುಲ್ ಬ್ಯಾಕ್‌ಗೆ ಹೋದ ಕೂಡಲೇ ವಿಂಗರ್ (ಬದಿಯಲ್ಲಿ ಮುಂದೆ ಆಡುವವನು), ಪಕ್ಕದ ಮಿಡ್‌ಫೀಲ್ಡರ್, ಸ್ಟ್ರೈಕರ್ ಮೂವರೂ ಮುತ್ತಿಗೆ ಹಾಕಲಿ. ಗೆರೆ ನಿಮ್ಮ ನಾಲ್ಕನೇ ಆಟಗಾರ.

ಇಲ್ಲಿ ಗೆದ್ದ ಚೆಂಡಿನಿಂದ ಎದುರಾಳಿ ಗೋಲ್‌ಗೆ ಐವತ್ತು ಮೀಟರ್ ಇರುತ್ತದೆ. ಒಂದೇ ಉದ್ದದ ಪಾಸ್‌ಗೆ ಜೋತುಬೀಳಬೇಕಾಗಿಲ್ಲ, ಇಡೀ ತಂಡ ಎದುರಾಳಿ ಬಾಕ್ಸ್ ಹತ್ತಿರ ಏದುಸಿರು ಬಿಡಬೇಕಾಗಿಯೂ ಇಲ್ಲ. ಆದರೆ ಒಬ್ಬ ಬೇಕೇ ಬೇಕು. ಗದ್ದಲದ ನಡುವೆ ಚೆಂಡು ಪಡೆದು, ತಿರುಗಿ, ಓಡುವವನ ಮುಂದೆ ಹಾಕಬಲ್ಲವನು.

ರಿಯಲ್ ಮ್ಯಾಡ್ರಿಡ್‌ಗೆ 2011-12ರಲ್ಲಿ ಆ ಆಟಗಾರ ಮೆಸುಟ್ ಒಝಿಲ್. ಜೋಸೆ ಮೊರಿನ್ಯೊ ಕೋಚ್ ಆಗಿದ್ದ ಆ ವರ್ಷ ಅವರು ಸ್ಪೇನ್‌ನ ಲೀಗ್ ಲಾ ಲಿಗಾದಲ್ಲಿ 100 ಅಂಕ, 121 ಗೋಲ್ ಗಳಿಸಿದರು. ಏಪ್ರಿಲ್ 21ರಂದು ಬಾರ್ಸಿಲೋನಾದ ಕ್ಯಾಂಪ್ ನೌನಲ್ಲಿ ಪಂದ್ಯ. ಬಾರ್ಸಾ ಆಗಷ್ಟೇ 1-1 ಮಾಡಿತ್ತು. ಕ್ರೀಡಾಂಗಣ ಇನ್ನೂ ಕುಣಿಯುತ್ತಿತ್ತು. ಮೂರು ನಿಮಿಷ ಆಗಿರಬಹುದು, ಬಲಗಡೆ ಒಝಿಲ್ ಬಳಿ ಚೆಂಡು. ತಲೆ ಎತ್ತಿ ಒಂದೇ ಪಾಸ್. ರೊನಾಲ್ಡೊ ಗೋಲ್ ಕೀಪರ್ ವಾಲ್ಡೆಸ್‌ನನ್ನು ದಾಟಿಸಿ ಒಳಗೆ ಹಾಕಿದ. 2-1. ಗೋಲ್ ಹೊಡೆದ ತಂಡದ ಮನಸ್ಸು ಒಂದೆರಡು ನಿಮಿಷ ಸಡಿಲ ಆಗಿರುತ್ತದೆ. ಆ ಹೊತ್ತನ್ನು ಕಾದುಕೊಳ್ಳುವುದನ್ನೂ ಹುಡುಗರಿಗೆ ಹೇಳಿಕೊಡಬಹುದು.

ಗೆದ್ದವನ ಮೊದಲ ಪಾಸ್ ಯಾವ ಕಡೆ ಹೋಗಬೇಕು ಅನ್ನುವ ಜಗಳ ಇಲ್ಲೇ ಹುಟ್ಟುವುದು. "ಯಾವಾಗಲೂ ಮುಂದಕ್ಕೆ" ಅನ್ನುವ ಕೋಚ್‌ಗಳು ಜಾಸ್ತಿ. ನಾನು ಒಪ್ಪುವುದಿಲ್ಲ. ಚೆಂಡು ಗೆದ್ದ ಜಾಗದಲ್ಲಿ ಯಾವಾಗಲೂ ಜನ ಗುಂಪಾಗಿರುತ್ತಾರೆ, ಯಾಕೆಂದರೆ ಗುಂಪಾಗಿಯೇ ತಾನೆ ಗೆದ್ದಿದ್ದು? ಮೊದಲ ಕೆಲಸ ಆ ಗುಂಪಿನಿಂದ ಚೆಂಡನ್ನು ಹೊರಗೆ ತೆಗೆಯುವುದು. ಅದಕ್ಕೆ ಒಮ್ಮೊಮ್ಮೆ ಪಕ್ಕಕ್ಕೆ, ಒಮ್ಮೊಮ್ಮೆ ಎರಡು ಹೆಜ್ಜೆ ಹಿಂದಕ್ಕೂ ಒಂದು ಪಾಸ್ ಬೇಕಾಗುತ್ತದೆ. ಹಿಂದಿದ್ದವನು ಮುಖ ಮುಂದೆ ಮಾಡಿ ನಿಂತಿರುತ್ತಾನೆ. ಅವನಿಗೆ ಇಡೀ ಮೈದಾನ ಕಾಣುತ್ತದೆ. ಎರಡನೇ ಪಾಸ್ ಅವನಿಂದ ಮುಂದಕ್ಕೆ ಹೋಗಲಿ. ಹೀಗೆ ಕಳೆದ ಒಂದು ಸೆಕೆಂಡ್ ಆಮೇಲೆ ಮೂರಾಗಿ ವಾಪಸ್ ಬರುತ್ತದೆ.

ಚೆಂಡು ತೆಗೆದುಕೊಂಡು ಒಬ್ಬನೇ ಓಡುವುದು

ಇದನ್ನು ಕಲಿಸುವುದಕ್ಕಿಂತ ಹೆಚ್ಚಾಗಿ ಆಡಲು ಬಿಡಬೇಕು. ರಿಯಲ್ ಮ್ಯಾಡ್ರಿಡ್‌ನ ಗ್ಯಾರೆತ್ ಬೇಲ್ 2014ರಲ್ಲಿ ಸ್ಪೇನ್‌ನ ಕಪ್ ಟೂರ್ನಿ ಕೋಪಾ ಡೆಲ್ ರೇ ಫೈನಲ್‌ನಲ್ಲಿ ಬಾರ್ಸಿಲೋನಾದ ಬಾರ್ಟ್ರಾನನ್ನು ಮೈದಾನದ ಗೆರೆಯ ಹೊರಗಿಂದಲೇ ಸುತ್ತಿ ಓಡಿ ಗೋಲ್ ಹೊಡೆದದ್ದು, 2018ರ ವಿಶ್ವಕಪ್‌ನಲ್ಲಿ ಎಂಬಾಪೆ ಅರ್ಜೆಂಟೀನಾ ವಿರುದ್ಧ ತನ್ನ ಅರ್ಧದಿಂದ ಓಡಿ ಪೆನಾಲ್ಟಿ ಗಿಟ್ಟಿಸಿದ್ದು ಎಲ್ಲರಿಗೂ ನೆನಪಿದೆ. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿಗೆ ಉದಾಂತ ಸಿಂಗ್ ಬಲಬದಿಯಲ್ಲಿ ಓಡುವಾಗ ಗ್ಯಾಲರಿ ಎದ್ದು ನಿಲ್ಲುತ್ತಿದ್ದುದೂ ಇದಕ್ಕೇ. ಓಡುವವನಿಗೆ ಹೇಳಬೇಕಾದ್ದು ಒಂದೇ. ಯಾರಾದರೂ ಎದುರಿಗೆ ಬರುವವರೆಗೆ ಪಾಸ್ ಕೊಡಬೇಡ. ಒಬ್ಬ ಡಿಫೆಂಡರ್ ನಿನ್ನ ಕಡೆ ಹೆಜ್ಜೆ ಹಾಕಿದನೋ, ಅವನು ಬಿಟ್ಟು ಬಂದ ಜಾಗಕ್ಕೆ ಚೆಂಡು ಹೋಗಲಿ. ಬೇಗ ಕೊಟ್ಟರೆ ಡಿಫೆಂಡರ್ ಇನ್ನೂ ಇಬ್ಬರ ನಡುವೆ ಇರುತ್ತಾನೆ. ತಡವಾದರೆ ಚೆಂಡು ಅವನ ಕಾಲಿಗೆ ಬಡಿಯುತ್ತದೆ.

ಎಲ್ಲ ಒಟ್ಟಿಗೆ ಕೂಡಿದಾಗ: ಬೆಲ್ಜಿಯಂನ ಹತ್ತು ಸೆಕೆಂಡ್

2018ರ ಜುಲೈ 2, ರೊಸ್ತೊವ್-ಆನ್-ಡಾನ್. ವಿಶ್ವಕಪ್‌ನ ಹದಿನಾರರ ಘಟ್ಟ. ಜಪಾನ್ 2-0 ಮುಂದಿತ್ತು, ಬೆಲ್ಜಿಯಂ 2-2 ಮಾಡಿತು. ತೊಂಬತ್ತು ನಿಮಿಷದ ಕೊನೆಗೆ ರೆಫರಿ ಸೇರಿಸಿದ ಸಮಯದ ನಾಲ್ಕನೇ ನಿಮಿಷ, ಜಪಾನ್‌ಗೆ ಕಾರ್ನರ್. ಹೊಂಡಾ ಹೊಡೆದ ಚೆಂಡನ್ನು ಗೋಲ್ ಕೀಪರ್ ಕೋರ್ಟ್ವಾ ಹಿಡಿದ. ಅಲ್ಲಿಂದ ಹತ್ತು ಸೆಕೆಂಡಿನೊಳಗೆ ಗೋಲ್, ಜಪಾನ್ ಮನೆಗೆ.

ನಿಧಾನವಾಗಿ ನೋಡಿ. ಕೋರ್ಟ್ವಾ ಚೆಂಡನ್ನು ದೂರ ಒದೆಯಲಿಲ್ಲ. ಓಡಿಬರುತ್ತಿದ್ದ ಡಿ ಬ್ರೂಯ್ನ ಕಾಲಿನ ಮುಂದೆ ಉರುಳಿಸಿದ. ಡಿ ಬ್ರೂಯ್ನ ನಡುವಿನಿಂದ ಚೆಂಡು ತೆಗೆದುಕೊಂಡು ಓಡಿದ, ಯಾರಾದರೂ ಎದುರಿಗೆ ಬರುವವರೆಗೂ ಕೊಡಲಿಲ್ಲ. ಆಮೇಲೆ ಬಲಕ್ಕೆ ಮುನಿಯೇಗೆ. ಮುನಿಯೇಗೆ ಅಲ್ಲಿ ಜಾಗ ಸಿಕ್ಕಿದ್ದು ಲುಕಾಕುವಿನಿಂದ. ಅವನು ಬಲಗಡೆಯಿಂದ ಒಳಕ್ಕೆ ಓಡಿ ಡಿಫೆಂಡರ್‌ನನ್ನು ತನ್ನ ಜೊತೆ ಎಳೆದುಕೊಂಡು ಹೋಗಿದ್ದ. ಮುನಿಯೇ ನೆಲಮಟ್ಟದ ಕ್ರಾಸ್ ಕೊಟ್ಟ. ಲುಕಾಕು ಮುಟ್ಟುತ್ತಾನೆ ಅಂತ ಎಲ್ಲರೂ ಅಂದುಕೊಂಡರು. ಅವನು ಮುಟ್ಟಲಿಲ್ಲ, ಬಿಟ್ಟುಬಿಟ್ಟ. ಹಿಂದೆ ಬರುತ್ತಿದ್ದ ಶಾದ್ಲಿ ಒಳಗೆ ಹಾಕಿದ. ಶಾದ್ಲಿ 65ನೇ ನಿಮಿಷದಲ್ಲಿ ಇಳಿದವನು, ಕಾಲಿನಲ್ಲಿ ಇನ್ನೂ ಓಟ ಉಳಿದಿತ್ತು.

ಆ ಗೋಲ್‌ನಲ್ಲಿ ಲುಕಾಕು ಚೆಂಡನ್ನು ಒಮ್ಮೆಯೂ ಮುಟ್ಟಿಲ್ಲ. ಆದರೂ ಕೆಲಸ ಅವನದ್ದೇ ದೊಡ್ಡದು. ನಿಮ್ಮ ತಂಡದಲ್ಲಿ ಚೆಂಡಿಲ್ಲದೆ ಓಡುವವನನ್ನು ಯಾರಾದರೂ ಹೊಗಳುತ್ತಾರಾ? ಆಟ ಮುಗಿದ ಮೇಲೆ ಕೋಚ್ ಅವನ ಹೆಸರು ಹೇಳಿದರೆ ಮುಂದಿನ ವಾರ ಇನ್ನಿಬ್ಬರು ಹಾಗೆ ಓಡುತ್ತಾರೆ.

ಜಪಾನ್ ಎಡವಿದ್ದು ಎಲ್ಲಿ ಅಂತಲೂ ನೋಡಿ. ಕೊನೆ ಗಳಿಗೆಯ ಕಾರ್ನರ್‌ಗೆ ಜಾಸ್ತಿ ಜನ ಬಾಕ್ಸ್‌ನಲ್ಲಿದ್ದರು. ಹಿಂದೆ ಉಳಿದವರು ಸಾಲಲಿಲ್ಲ. ಕೌಂಟರ್ ಕಲಿಸುವ ಕೋಚ್ ಇದನ್ನೂ ಕಲಿಸಬೇಕು, ಯಾಕೆಂದರೆ ನಿಮ್ಮ ಕೌಂಟರ್ ಕೆಟ್ಟು ಚೆಂಡು ಹೋದಾಗ ನಿಮ್ಮ ಪಾಡೂ ಜಪಾನ್‌ನದ್ದೇ. ಐವರು ಮುಂದೆ ಓಡಿದರೆ ಐವರು ಹಿಂದೆ ಇರಲಿ. ಅವರಲ್ಲಿ ಒಬ್ಬ ನಡುವೆ, ಎದುರಾಳಿಯ ಮೊದಲ ಪಾಸ್‌ನ ದಾರಿಯಲ್ಲಿ.

ಹಾಗಾದರೆ ಯಾರಿಗೆ ಯಾವುದು?

ಹದಿಮೂರು ವರ್ಷದ ಒಳಗಿನ ಮಕ್ಕಳಿಗೆ ಹಿಂದೆ ಕೂರುವ ಆಟ ಬೇಡ. ಗೆಲ್ಲಬಹುದು, ನಿಜ. ಆ ವಯಸ್ಸಿನಲ್ಲಿ ಎಲ್ಲರಿಗಿಂತ ಬೇಗ ಬೆಳೆದ ಒಬ್ಬ ಹುಡುಗ ಮುಂದೆ ನಿಂತರೆ ಸಾಕು, ಟ್ರೋಫಿ ಬರುತ್ತದೆ. ಉಳಿದ ಹತ್ತು ಮಕ್ಕಳು ಚೆಂಡು ಒದ್ದು ಕಳಿಸುವುದನ್ನು ಮಾತ್ರ ಕಲಿತು ಬೆಳೆಯುತ್ತಾರೆ. ಮಕ್ಕಳಿಗೆ ಚೆಂಡು ತೆಗೆದುಕೊಂಡು ಓಡಲು ಬಿಡಿ, ಹೋದರೆ ಕೂಡಲೇ ಬೆನ್ನಟ್ಟಲು ಹೇಳಿ. ಅಷ್ಟು ಸಾಕು.

ಕಾಲೇಜು ತಂಡ, ಜಿಲ್ಲಾ ಲೀಗ್‌ನ ಕ್ಲಬ್ ಆದರೆ ನಡುವಿನ ಬಲೆಯಿಂದ ಶುರು ಮಾಡಿ. ಬಲವಾದ ತಂಡ ಎದುರಾದ ದಿನ ಅದೇ ಸಾಲುಗಳನ್ನು ಹದಿನೈದು ಮೀಟರ್ ಹಿಂದೆ ತಂದರೆ ಲೆಸ್ಟರ್ ಬಗೆ ಆಗುತ್ತದೆ. ಸೋಲುತ್ತಿದ್ದೀರಿ, ಕೊನೆಯ ಹದಿನೈದು ನಿಮಿಷ ಬಾಕಿ ಇದೆ ಅಂದರೆ ಮುಂದೆ ತಂದು ಒತ್ತಿ. ಹೊಸದಾಗಿ ಕಲಿಸಬೇಕಾದ್ದು ಕಡಿಮೆ.

ನೆಲವನ್ನೂ ನೋಡಬೇಕು. ಕೆಂಪು ಮಣ್ಣಿನ ಗಟ್ಟಿ ಗ್ರೌಂಡ್‌ನಲ್ಲಿ ಉದ್ದಕ್ಕೆ ಬಿಟ್ಟ ಚೆಂಡು ಪುಟಿದು ನೇರ ಗೋಲ್ ಕೀಪರ್ ಕೈಗೆ ಹೋಗುತ್ತದೆ. ಅಲ್ಲಿ ಡಿಫೆಂಡರ್‌ನ ಬೆನ್ನ ಹಿಂದೆ ನೇರಕ್ಕಿಂತ ಮೂಲೆಯ ಧ್ವಜದ ಕಡೆಗೆ ಓರೆಯಾಗಿ ಹಾಕುವುದು ವಾಸಿ. ಮಂಗಳೂರು, ಕಾರವಾರ ಕಡೆ ಮಳೆಗಾಲದಲ್ಲಿ ಕೆಸರು. ಚೆಂಡು ನಿಂತಲ್ಲೇ ನಿಲ್ಲುತ್ತದೆ. ಸಣ್ಣ ಪಾಸ್‌ನ ಕೌಂಟರ್ ಅಲ್ಲಿ ನಡೆಯುವುದಿಲ್ಲ, ಎತ್ತಿ ಹಾಕಬೇಕು. ಇನ್ನು ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ ಬಂದಿರುವ ಐದು ಜನರ ಟರ್ಫ್‌ನಲ್ಲಿ ಸಾಮಾನ್ಯವಾಗಿ ಆಫ್‌ಸೈಡ್ ಇಲ್ಲ. ಒಬ್ಬನನ್ನು ಮುಂದೆಯೇ ನಿಲ್ಲಿಸುವ ಆಸೆ ಆಗುತ್ತದೆ. ಆದರೆ ಐವರಲ್ಲಿ ಒಬ್ಬ ಡಿಫೆನ್ಸ್‌ಗೆ ಬಾರದಿದ್ದರೆ ಹಿಂದೆ ತೂತು ಬಿದ್ದೇ ಬೀಳುತ್ತದೆ. ಅಲ್ಲಿ ಗೋಲ್ ಕೀಪರ್‌ನ ಕೈಯಿಂದ ಹೊರಡುವ ಚೆಂಡೇ ಒಳ್ಳೆ ಕೌಂಟರ್.

ಪ್ರಾಕ್ಟೀಸ್‌ನಲ್ಲಿ ಏನು ಮಾಡಿಸುವುದು?

ಇಲ್ಲೂ ಆಯ್ಕೆ ಇದೆ, ಇಲ್ಲೇ ಹೆಚ್ಚು ಹೊತ್ತು ವ್ಯರ್ಥ ಆಗುವುದೂ.

ಎಲ್ಲರೂ ಮಾಡಿಸುವುದು ಮೂವರು ಎದುರು ಇಬ್ಬರು. ಕೋಚ್ ಮಧ್ಯದ ಗೆರೆಯಿಂದ ಚೆಂಡು ಕೊಡುತ್ತಾರೆ, ಮೂವರು ಇಬ್ಬರು ಡಿಫೆಂಡರ್‌ಗಳ ಮೇಲೆ ದಾಳಿಗೆ ಹೋಗುತ್ತಾರೆ. ಹುಡುಗರಿಗೆ ಖುಷಿ, ಗೋಲ್‌ಗಳೂ ಜಾಸ್ತಿ ಬರುತ್ತವೆ. ಕೊನೆಯ ಪಾಸ್ ಯಾವಾಗ ಕೊಡಬೇಕು ಅನ್ನುವುದನ್ನು ಚೆನ್ನಾಗಿ ಕಲಿಸುತ್ತದೆ. ಆದರೆ ಇಲ್ಲಿ ಯಾರೂ ಚೆಂಡು ಗೆದ್ದೇ ಇಲ್ಲ, ಕೋಚ್ ಕೊಟ್ಟಿದ್ದಾರೆ. ನಮ್ಮ ರೈಟ್ ಬ್ಯಾಕ್ ಹುಡುಗನ ಎರಡನೇ ಟಚ್‌ಗೆ ಇದರಿಂದ ಏನೂ ಪ್ರಯೋಜನ ಇಲ್ಲ. ವಾರಕ್ಕೆ ಹತ್ತು ನಿಮಿಷಕ್ಕಿಂತ ಜಾಸ್ತಿ ಇದಕ್ಕೆ ಕೊಡಬೇಡಿ.

ನನ್ನ ಮೆಚ್ಚಿನದು ಎರಡು ಚೌಕದ ಆಟ. ಹದಿನೈದು ಮೀಟರ್‌ನ ಎರಡು ಚೌಕ, ನಡುವೆ ಹತ್ತು ಮೀಟರ್ ಖಾಲಿ. ಒಂದು ಚೌಕದಲ್ಲಿ ನೀಲಿ ತಂಡದ ಐವರು ಚೆಂಡು ಇಟ್ಟುಕೊಂಡು ಪಾಸ್ ಆಡುತ್ತಾರೆ. ಕೆಂಪು ತಂಡದ ಮೂವರು ಅದನ್ನು ಕಿತ್ತುಕೊಳ್ಳಲು ನುಗ್ಗುತ್ತಾರೆ. ಕೆಂಪಿನ ಉಳಿದ ಇಬ್ಬರು ಇನ್ನೊಂದು ಚೌಕದಲ್ಲಿ ಕಾಯುತ್ತಾರೆ. ಕಿತ್ತುಕೊಂಡ ಕೂಡಲೇ ಚೆಂಡು ಆ ಇಬ್ಬರಿಗೆ ಸೇರಬೇಕು, ಕೆಂಪು ತಂಡ ಪೂರ್ತಿ ಅಲ್ಲಿಗೆ ಓಡಬೇಕು. ಈಗ ನೀಲಿಯ ಮೂವರು ಬೆನ್ನಟ್ಟಬೇಕು. ಕೋನ್‌ಗಳು ಎಂಟು, ಚೆಂಡು ಒಂದು, ಹತ್ತು ಜನ. ಖರ್ಚೇ ಇಲ್ಲ. ಗುಂಪಿನಿಂದ ಚೆಂಡು ಹೊರಗೆ ತೆಗೆಯುವುದು, ಗೆಲ್ಲುವ ಮೊದಲೇ ತಲೆ ಎತ್ತಿ ನೋಡುವುದು, ಕಳೆದುಕೊಂಡ ಕೂಡಲೇ ಬೆನ್ನಟ್ಟುವುದು ಮೂರೂ ತಾವಾಗಿಯೇ ಬರುತ್ತವೆ. ಕೋಚ್ ಬಾಯಿಗೂ ಸ್ವಲ್ಪ ವಿರಾಮ. ಎರಡು ನಿಮಿಷ ಆಡಿಸಿ, ಒಂದು ನಿಮಿಷ ನೀರು ಕುಡಿಸಿ. ಸರಿಯಾಗಿ ಆಡಿದರೆ ಅಷ್ಟರಲ್ಲೇ ಉಸಿರು ಮೇಲೆ ಬಂದಿರುತ್ತದೆ.

ಮೂರನೆಯದು ಗಡಿಯಾರ ಇಟ್ಟು ಆಡುವ ಮ್ಯಾಚ್. ಆರು ಜನ ಎದುರು ಆರು ಜನ, ಎರಡು ಗೋಲ್. ಚೆಂಡು ಗೆದ್ದ ಹತ್ತು ಸೆಕೆಂಡಿನೊಳಗೆ ಬಂದ ಗೋಲ್‌ಗೆ ಎರಡು ಅಂಕ. ಚೆನ್ನಾಗಿದೆ, ಆದರೆ ಬೇಗ ಅತಿಯಾಗುತ್ತದೆ. ಎರಡು ಅಂಕದ ಆಸೆಗೆ ಮೂವತ್ತು ಮೀಟರ್‌ನಿಂದಲೇ ಶಾಟ್ ಹೊಡೆಯಲು ಶುರು ಮಾಡುತ್ತಾರೆ. ಆಗ ಇನ್ನೊಂದು ನಿಯಮ ಸೇರಿಸಿ: ಶಾಟ್ ಗೋಲ್ ಕಡೆ ಹೋಗದೆ ಹೊರಗೆ ಹೋದರೆ ಎದುರಾಳಿಗೆ ಒಂದು ಅಂಕ. ದಾರಿ ಮುಚ್ಚಿದ್ದರೆ ನಿಲ್ಲಿಸಿ ಚೆಂಡು ಇಟ್ಟುಕೊಳ್ಳುವುದೂ ತಪ್ಪಲ್ಲ ಅಂತ ಅವರಿಗೆ ಗೊತ್ತಾಗುತ್ತದೆ. ಮುಂದೆ ನಮ್ಮವರಿಗಿಂತ ಅವರ ಡಿಫೆಂಡರ್‌ಗಳೇ ಜಾಸ್ತಿ ಇದ್ದಾರೆ ಅಂದರೆ ಕೌಂಟರ್ ಮುಗಿಯಿತು, ವಾಪಸ್ ಪಾಸ್ ಕೊಡಿ.

ವಾರಕ್ಕೆ ಎರಡು ದಿನ ಸಿಗುತ್ತದೆ ಅಂದರೆ ಮೊದಲ ದಿನ ಎರಡು ಚೌಕ, ಎರಡನೇ ದಿನ ಗಡಿಯಾರದ ಮ್ಯಾಚ್. ಮೂವರು ಎದುರು ಇಬ್ಬರನ್ನು ಎರಡನೇ ದಿನದ ಕೊನೆಗೆ ಇಡಿ, ಹುಡುಗರು ನಗುತ್ತಾ ಮನೆಗೆ ಹೋಗಲಿ.

ಇದಕ್ಕೆ ಗೋಲ್ ಕೀಪರ್‌ನನ್ನೂ ಸೇರಿಸಿಕೊಳ್ಳಿ. ಹೆಚ್ಚಿನ ಕಡೆ ಅವನು ಮೂಲೆಯಲ್ಲಿ ಒಬ್ಬನೇ ಡೈವ್ ಹೊಡೆಯುತ್ತಾ ಇರುತ್ತಾನೆ. ಎದುರಾಳಿಯ ಕಾರ್ನರ್‌ನಿಂದ ಆಟ ಶುರು ಮಾಡಿಸಿ. ಕಾರ್ನರ್ ಹಿಡಿದ ಮೇಲೆ ಅವನು ಮೊದಲು ಯಾರನ್ನು ನೋಡಬೇಕು, ಬಾಕ್ಸ್‌ನ ಅಂಚಿನಿಂದ ಯಾರು ಯಾವ ಕಡೆ ಓಡಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರಲಿ. ಹೊಸ ನಿಯಮದ ಪ್ರಕಾರ ಅವನು ಎಂಟು ಸೆಕೆಂಡಿಗಿಂತ ಹೆಚ್ಚು ಚೆಂಡು ಕೈಯಲ್ಲಿ ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್ ಸಿಗುತ್ತದೆ, ಅದೂ ತಿಳಿದಿರಲಿ. ಕಾರ್ನರ್ ಕಾಯುವಾಗ ಒಬ್ಬನನ್ನು ಮಧ್ಯದ ಗೆರೆಯ ಬಳಿ ಬಿಟ್ಟರೆ ಎದುರಾಳಿ ಅವನಿಗೋಸ್ಕರ ಇಬ್ಬರನ್ನು ಹಿಂದೆ ನಿಲ್ಲಿಸಬೇಕಾಗುತ್ತದೆ. ಇಬ್ಬರನ್ನು ಬಿಟ್ಟರೆ ಮೂವರು. ಎತ್ತರದ ಹುಡುಗರು ನಿಮ್ಮಲ್ಲಿ ಕಡಿಮೆ ಇದ್ದರೆ ಇಬ್ಬರನ್ನೇ ಬಿಡಿ. ಬಾಕ್ಸ್‌ನಲ್ಲಿ ನಿಮಗೆ ತಲೆನೋವು ಕೊಡುವ ಅವರ ಎತ್ತರದ ಸೆಂಟರ್ ಬ್ಯಾಕ್‌ಗಳಲ್ಲಿ ಒಬ್ಬ ಹಿಂದೆಯೇ ಉಳಿಯಬೇಕಾಗಬಹುದು.